ಬನಹಟ್ಟಿಯಲ್ಲಿ ನಾನು ತಪ್ಪಾಗಿ ಅಳೆದ ನೆನಪು

ಬನಹಟ್ಟಿಯ ಆ ಓಣಿಯಲ್ಲಿ ಕರೆಂಟ್ ಹೋದರೂ ಮಗ್ಗಗಳು ಒಮ್ಮೆಲೇ ಸುಮ್ಮನಾಗುತ್ತಿರಲಿಲ್ಲ. ಒಂದೊಂದು ಮನೆಯ ಪವರ್‌ಲೂಮ್ ಇನ್ನೆರಡು ಏಟು ಹೊಡೆದು, ಆಮೇಲೆ ಅರ್ಧ ಏಟು ಹೊಡೆದು ನಿಲ್ಲುತ್ತಿತ್ತು. ಖಟ್, ಖಟ್, ಖ... ಕೊನೆಯದು ಓಣಿಯ ಆಚೆ ತುದಿಯಿಂದ ಕೇಳಿಸುತ್ತಿತ್ತು. ಅದರ ಹಿಂದೆ ಯಾರದೋ ಕೆಮ್ಮು, ಒಂದು ಆಡಿನ ದನಿ, ಕುಕ್ಕರಿನ ಸೀಟಿ. ಆ ಸೈಲೆನ್ಸ್‌ಗಾಗಿ ನಾನು ಕೈಗಡಿಯಾರ ನೋಡುತ್ತ ಕಾದು ಕುಳಿತಿರುತ್ತಿದ್ದೆ. ಮಾತು ಕಳೆದುಕೊಂಡವರ ನೆನಪನ್ನು ಪರೀಕ್ಷಿಸಲು ಎಲ್ಲಕ್ಕಿಂತ ಮೊದಲು ನಿಶ್ಶಬ್ದ ಬೇಕೆಂದು ನಂಬಿದ್ದೆ. ನನಗೀಗ ಎಪ್ಪತ್ತು ದಾಟಿದೆ. ಜಮಖಂಡಿಯ ನನ್ನ ಮನೆಯಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೆ ಸಾಕು, ಆ ಕೊನೆಯ ಅರ್ಧ ಏಟು ಕಿವಿಗೆ ಬರುತ್ತದೆ.

ಆಗ ನಾನು ವಾರಕ್ಕೊಮ್ಮೆ, ಗುರುವಾರ, ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೂರುತ್ತಿದ್ದೆ. ರಿಟೈರ್ ಆದ ಸ್ಪೀಚ್ ಥೆರಪಿಸ್ಟ್; ಜನರ ಬಾಯಲ್ಲಿ ಮಾತಿನ ಡಾಕ್ಟರಬಾಯಿ. ಈ ಕಡೆ ಬೇರೆ ಯಾರೂ ಸಿಗಲಿಲ್ಲವೆಂದು ಮತ್ತೆ ಕರೆದಿದ್ದರು. ಲಕ್ವಾ ಹೊಡೆದು ಮಾತು ಹೋದವರನ್ನು ಡಾಕ್ಟರು ನನ್ನ ಕೋಣೆಗೆ ಕಳಿಸುತ್ತಿದ್ದರು. ಇದಕ್ಕೆ ಅಫೇಸಿಯಾ ಎನ್ನುತ್ತೇವೆ. ನಾಲಿಗೆ ಸರಿ ಇರುತ್ತದೆ, ಬುದ್ಧಿಯೂ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಮಿದುಳಿನಲ್ಲಿ ಮಾತನ್ನು ಕಟ್ಟುವ, ಬಿಡಿಸುವ ಜಾಗಕ್ಕೆ ಮಾತ್ರ ಪೆಟ್ಟು ಬಿದ್ದಿರುತ್ತದೆ.

ಆ ನೇಕಾರರು ಬಂದದ್ದು ಕಬ್ಬಿನ ಸೀಸನ್ನಿನಲ್ಲಿ. ವಯಸ್ಸು ಅರವತ್ತರ ಆಸುಪಾಸು. ಬಲಗೈ, ಬಲಗಾಲು ಸೋತಿದ್ದವು. ಎಡಗೈಯನ್ನು ಹೆಂಡತಿ ಹಿಡಿದಿದ್ದರು. ಹಿಂದೆ ಮಗ, ಕಂಕುಳಲ್ಲಿ ಫೈಲು. ಹೆಂಡತಿಯ ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅದನ್ನು ಕೆಂಪು ರೇಷ್ಮೆ ಎಳೆಯಿಂದ ಎಷ್ಟು ನೀಟಾಗಿ ಬಿಗಿದಿದ್ದರೆಂದರೆ ನಾನು ಮೊದಲು ಅದನ್ನೇ ನೋಡಿದೆ. ನೇಕಾರರ ಬಾಯಿಂದ ಬರುತ್ತಿದ್ದುದು ಒಂದೇ ಮಾತು.

"ಊಟ ಆತೇನ್ರಿ?" ಎಂದೆ.

"ಹೌದ್ರಿ."

"ಊಟ ಇನ್ನಾ ಆಗಿಲ್ಲೇನ್ರಿ?"

"ಹೌದ್ರಿ."

ಮಗ ನಕ್ಕ. "ನಮ್ಮಪ್ಪ ಹುಟ್ಟಿದಾಗಿಂದ ಮನ್ಯಾಗ ಒಬ್ಬರಿಗೂ ರೀ ಹಚ್ಚಿ ಮಾತಾಡಿದಾಂವಲ್ಲ್ರಿ ಬಾಯಾರ. ಈಗ ಆಡಿಗೂ ಹೌದ್ರಿ ಅಂತಾನ."

"ನಗಬ್ಯಾಡಲೇ," ಎಂದು ತಾಯಿ ಗದರಿದರು. ಆಮೇಲೆ ನನ್ನ ಕಡೆ ತಿರುಗಿ, "ಖರೆ ಹೇಳಬೇಕಂದ್ರ ನನಗ ಛಲೋನ ಆಗೇತ್ರಿ. ನಲವತ್ತ ವರ್ಷದಾಗ ನಾ ಅಂದದ್ದಕ್ಕ ಒಮ್ಮಿನೂ ಹೌದ ಅಂದಿದ್ದಿಲ್ಲ," ಎಂದರು. ಗಂಡನ ಬಾಯಿಂದ ಇಳಿಯುತ್ತಿದ್ದ ಜೊಲ್ಲನ್ನು ಸೆರಗಿನಿಂದ ಒರೆಸಿದರು. ನೇಕಾರರೂ ನಕ್ಕರು. ಸೋತ ಮುಖದ ಅರ್ಧದಲ್ಲಿ ನಗು ಏರಲಿಲ್ಲ, ಇನ್ನರ್ಧದಲ್ಲಿ ಪೂರ್ತಿ ಏರಿತು.

ಪರೀಕ್ಷೆಯ ನಿಯಮದಂತೆ ಮನೆಯವರು ಹೊರಗಿರಬೇಕು; ಇಲ್ಲದಿದ್ದರೆ ಅವರೇ ಉತ್ತರ ಹೇಳಿಬಿಡುತ್ತಾರೆ. ಹೊರಗೆ ಕುಳಿತುಕೊಳ್ಳಿ ಎಂದೆ.

"ನಾ ಹ್ವಾದ್ರ ಅವರು ಗಾಬರಿ ಆಗತಾರ್ರಿ."

"ಹತ್ತ ನಿಮಿಷ ಅಷ್ಟ್ರಿ ಅಕ್ಕಾರ."

ಹೋದರು. ಬಾಗಿಲು ಮುಚ್ಚಿತು. ಆ ತಾಯಿಯನ್ನು ನಾನು ನೋಡಿದ್ದು ಅದೊಂದೇ ದಿನ.

ಪದಗಳ ಪಟ್ಟಿ ಓದಿದೆ; ಹತ್ತು ಪದ, ಮೂರು ಸಲ. ಎಷ್ಟು ನೆನಪಿವೆ ಹೇಳಿ ಎಂದೆ. ಹೌದ್ರಿ. ಒಂದು ಸಣ್ಣ ಕಥೆ ಓದಿ ತಿರುಗಿ ಹೇಳಿಸಿದೆ. ಹೌದ್ರಿ. ಅಂಕಿಗಳು. ಹೌದ್ರಿ, ಆದರೆ ಈ ಸಲ ಕಣ್ಣು ಬಾಗಿಲ ಮೇಲಿತ್ತು. ಮಾತು ಹೋದವರ ನೆನಪನ್ನು ಮಾತಿನಿಂದಲೇ ಅಳೆದರೆ ಸಿಗುವುದು ಮಾತಿನ ಅಳತೆಯೇ ಹೊರತು ನೆನಪಿನದಲ್ಲ. ಇದು ನಮ್ಮ ಕಸುಬಿನ ಮೊದಲ ಪಾಠ. ನನಗೆ ಗೊತ್ತಿಲ್ಲದ್ದಲ್ಲ, ಬೇರೆಯವರಿಗೆ ಕಲಿಸಿದ್ದೇನೆ ಕೂಡ. ಚಿತ್ರ ತೋರಿಸಿ ಮಾಡುವ ಬೇರೆ ಪರೀಕ್ಷೆಯ ಕಾರ್ಡುಗಳು ಮನೆಯ ಕಪಾಟಿನಲ್ಲಿದ್ದವು. ಹೊರಗೆ ಇನ್ನೂ ಐದು ಜನ ಕುಳಿತಿದ್ದರು. ಫಾರ್ಮಿನಲ್ಲಿ 'ಮೆಮೊರಿ ಆ್ಯಂಡ್ ಲರ್ನಿಂಗ್' ಎಂಬ ಒಂದು ಕಾಲಂ ಖಾಲಿ ಇತ್ತು. ಖಾಲಿ ಬಿಟ್ಟರೆ ಡಾಕ್ಟರು ವಾಪಸ್ ಕಳಿಸುತ್ತಿದ್ದರು.

ನಾನು ಒಂದು ಸಾಲು ಬರೆದೆ. ಮನೆಯವರಿಗೂ ತಿಳಿಯಲೆಂದು ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಬರೆದೆ: ಹೊಸ ವಿಷಯ ನೆನಪಿಡುವ ಸಾಮರ್ಥ್ಯ ತೀವ್ರವಾಗಿ ಕುಂದಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ಸ್ ತಿದ್ದಿಸಿದ ದುಂಡು ಅಕ್ಷರ ನನ್ನದು. ಎಷ್ಟು ಕ್ಲಿಯರ್ ಆಗಿ ಬರೆಯುತ್ತೀರಿ ಎಂದು ಎಲ್ಲರೂ ಹೇಳುತ್ತಿದ್ದರು.

ಅವರು ಮತ್ತೆ ಬರಲಿಲ್ಲ. ನಾಲ್ಕು ತಿಂಗಳ ಮೇಲೆ, ರಬಕವಿ-ಬನಹಟ್ಟಿಯ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ನಮ್ಮ ಫಿಸಿಯೋಥೆರಪಿಸ್ಟ್ ಚಹಾ ಕುಡಿಯುತ್ತ ಹೇಳಿದ: "ಮೇಡಂ, ಆ ಹೌದ್ರಿ ಅಜ್ಜಾರು ವ್ಯಾಯಾಮ ಬಿಟ್ಟಬಿಟ್ಟಾರ್ರಿ. ಗ್ವಾಡಿ ನೋಡಕೋತ ಕುಂತಿರತಾರ. ನೀವೊಮ್ಮೆ ಬಂದು ನೋಡ್ರಿ." ಮರುದಿನ ಅವನ ಜೊತೆ ಹೊರಟೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಮುಗಿದು ರಸ್ತೆ ಖಾಲಿ ಇತ್ತು.

ಮುಂದಿನ ಕೋಣೆಯಲ್ಲಿ ನಾಲ್ಕು ಪವರ್‌ಲೂಮ್. ಮಗ ಮಗ್ಗ ನಿಲ್ಲಿಸಿ, ನನ್ನನ್ನು ಒಳಗೆ ಕರೆಯದೆ ಓಣಿಗೇ ಕರೆದುಕೊಂಡು ಬಂದ.

"ಬಾಯಾರ, ಒಳಗ ಹೋಗೂದರ ಮೊದಲ ಒಂದ ಮಾತು. ನಮ್ಮವ್ವ ಹೋಗಿ ಎರಡ ತಿಂಗಳಾತ್ರಿ. ಅಪ್ಪನ ಮುಂದ ಅನ್ನಬ್ಯಾಡ್ರಿ ಮತ್ತ."

ಬೆಳಿಗ್ಗೆ ಮಗ್ಗಕ್ಕೆ ನೂಲು ಸುತ್ತುತ್ತ ಕುಳಿತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಹಾರ್ಟ್. ನೇಕಾರರು ಆಗ ಹಿತ್ತಲಲ್ಲಿ ಸ್ನಾನಕ್ಕೆ ಕುಳಿತಿದ್ದರು. ಅವರನ್ನು ಹಿತ್ತಲ ಬಾಗಿಲಿನಿಂದಲೇ ಆಟೋ ಹತ್ತಿಸಿ ಮುಧೋಳದ ಮಗಳ ಮನೆಗೆ ಸಾಗಿಸಿದರು. ಅಳಿಯ ಅಲ್ಲಿ ಅವರ ಜೊತೆ ಉಳಿದ, ಮಗಳು ಇಲ್ಲಿಗೆ ಬಂದಳು. ಮುಂಬಾಗಿಲಲ್ಲಿ ಜನ ಸೇರುತ್ತಿದ್ದರು. ಕ್ರಿಯೆಯೆಲ್ಲ ಮುಗಿದ ಮೇಲೆ ಅವರನ್ನು ವಾಪಸ್ ಕರೆತಂದು, ಹೆಂಡತಿ ಬೀಳಗಿಯ ತವರಿಗೆ ಹೋಗಿದ್ದಾರೆ ಎಂದರು.

"ಹೌದ್ರಿ ಅಂದ. ಸಂಜಿಗಿ ಮತ್ತ ಕೇಳಿದ. ಕೈ ಮಾಡಿ ಕೇಳತಾನ್ರಿ. ಮತ್ತ ಹೇಳಿದ್ವಿ, ಹೌದ್ರಿ ಅಂದ. ದಿನಾ ಸಂಜಿಗಿ ಇದ ಕತಿ. ಮುಂಜಾನೆ ಹೇಳಿದ್ದು ಸಂಜಿತನಕ ತಲ್ಯಾಗ ನಿಲ್ಲಂಗಿಲ್ಲ."

"ನಿಲ್ಲಂಗಿಲ್ಲ ಅಂತ ಯಾರ ಹೇಳಿದ್ರು?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ನೀವ ಬರದೀರಲ್ಲ್ರಿ."

ಒಳಗಿಂದ ಫೈಲು ತಂದ. ಆ ಸಾಲಿನ ಕೆಳಗೆ ಯಾರೋ ಪೆನ್ನಿನಿಂದ ಗೆರೆ ಎಳೆದಿದ್ದರು. ಹೆಣ ಮನೆಯಲ್ಲಿದ್ದಾಗ ಹಿರಿಯರೆಲ್ಲ ಕುಳಿತು ಹೇಳಬೇಕೋ ಬೇಡವೋ ಎಂದು ಚರ್ಚೆ ಮಾಡಿದರಂತೆ. ಆಗ ಫೈಲು ತೆಗೆಸಿ, ಕನ್ನಡದ ಸಾಲನ್ನು ಗಟ್ಟಿಯಾಗಿ ಓದಿಸಿದರಂತೆ. ಹೇಳಿದರೆ ಒಂದು ಸಲ ಅಳುತ್ತಾನೆ, ಸಂಜೆಗೆ ಮರೆಯುತ್ತಾನೆ, ನಾಳೆ ಮತ್ತೆ ಹೇಳಬೇಕು, ಮತ್ತೆ ಅಳುತ್ತಾನೆ. ದಿನಾ ಹೊಸದಾಗಿ ಯಾಕೆ ಸಾಯಿಸುವುದು ಎಂದು ಒಬ್ಬ ಹಿರಿಯರು ಹೇಳಿದರಂತೆ. ಅದರಲ್ಲಿ ಕೆಟ್ಟತನ ಎಳ್ಳಷ್ಟೂ ಇರಲಿಲ್ಲ. ನನ್ನ ಸಾಲು ನಿಜವಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆನೇನೋ. ಫೈಲು ಮುಚ್ಚಿ ಅವನ ಕೈಗೆ ಕೊಟ್ಟೆ.

"ನಾ ಇನ್ನೊಮ್ಮೆ ನೋಡತೀನಿ," ಎಂದೆ. "ನಾ ಬರದದ್ದು ತಪ್ಪಿರಬಹುದು."

"ತಪ್ಪಿರಬಹುದಂದ್ರ?"

"ಗೊತ್ತಿಲ್ಲಪಾ. ಅದಕ್ಕ ನೋಡಬೇಕು."

ಮೊದಲ ಎರಡು ಭೇಟಿ ವ್ಯರ್ಥವಾದವು. ಕಪಾಟಿನ ಕಾರ್ಡುಗಳನ್ನು ಒಯ್ದಿದ್ದೆ. ಮಗ್ಗದ ಸದ್ದಿನಲ್ಲಿ ಪರೀಕ್ಷೆ ಆಗದೆಂದು ಕರೆಂಟ್ ಹೋಗುವ ಹೊತ್ತು ಕೇಳಿಕೊಂಡು ಹೋಗಿದ್ದೆ. ಮಗ್ಗಗಳು ನಿಂತೊಡನೆ ಅವರು ನಡುಮನೆಯ ಬಾಗಿಲಿನ ಕಡೆ ಹೊರಳುತ್ತಿದ್ದರು. ಕಾರ್ಡು ಮುಂದೆ ಹಿಡಿದರೆ ಅದರ ಮೇಲಿಂದ ಬಾಗಿಲು ನೋಡುತ್ತಿದ್ದರು. ಎರಡನೆಯ ದಿನ ಸೊಸೆಯನ್ನು ಕೇಳಿದೆ. ಮೂವತ್ತರ ಹೆಣ್ಣುಮಗಳು, ಕಡಿಮೆ ಮಾತು.

"ಕರೆಂಟ್ ಹ್ವಾದ ಕೂಡಲೆ ಅತ್ತಿಯಾರು ಚಾ ತರತಿದ್ರ್ರಿ," ಎಂದಳು. "ಮಗ್ಗ ನಿಂತಾಗನ ಅವರಿಬ್ಬರಿಗೂ ಮಾತಿಗಿ ಪುರಸತ್ತ. ಸಪ್ಪಳಿದ್ದಾಗ ಮಾತಾಡಿದ್ರ ಕೇಳಬೇಕಲ್ಲ?"

ನಾನು ಆರಿಸಿಕೊಂಡ ನಿಶ್ಶಬ್ದ ಅವರು ಕಾಯುವ ಹೊತ್ತಾಗಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಯೋಚಿಸಿದೆ. ಸದ್ದಿಲ್ಲದ ಜಾಗ ಬೇಕಾಗುವುದು ಮಾತು ಕೇಳಿಸಿಕೊಳ್ಳಲು. ಮಾತೇ ಇಲ್ಲದ ಪರೀಕ್ಷೆಗೆ ಅದೇಕೆ? ಮಗ್ಗ ನಡೆಯಲಿ. ಕಾರ್ಡೂ ಬೇಡ; ಅದರ ಗೆರೆ, ವೃತ್ತ ಅವರಿಗೆ ಏನೂ ಅಲ್ಲ. ಕಾನ್ವೆಂಟಿನ ಹುಡುಗಿಗೆ ಪ್ರಿಂಟ್ ಆದದ್ದರ ಮೇಲೆ ಇರುವ ಭಕ್ತಿಯನ್ನು ಆ ದಿನ ಬಿಟ್ಟೆ.

ಮುಂದಿನ ಶುಕ್ರವಾರ ಎಂಟು ಸ್ಟೀಲ್ ಬಟ್ಟಲು ಒಯ್ದೆ. ನೆಲದ ಮೇಲೆ ಎರಡು ಸಾಲಾಗಿ ಬೋರಲು ಹಾಕಿದೆ. ಒಂದೊಂದರ ಕೆಳಗೆ ಒಂದೊಂದು ಬಣ್ಣದ ನೂಲಿನ ಉಂಡೆ. ಎಲ್ಲ ಎತ್ತಿ ತೋರಿಸಿ ಮುಚ್ಚಿದೆ. ಆಮೇಲೆ ನನ್ನ ಕೈಯಲ್ಲಿ ಒಂದು ಹಸಿರು ಎಳೆ ಹಿಡಿದೆ. ಹಸಿರು ಎಲ್ಲಿದೆಯೋ ಆ ಬಟ್ಟಲು ಎತ್ತಬೇಕು. ಹೇಗೆಂದು ಹೇಳಲಿಲ್ಲ. ಮಗನನ್ನು ಎದುರು ಕೂರಿಸಿ ಆಡಿಸಿ ತೋರಿಸಿದೆ. ಎತ್ತುವುದು ಎಡಗೈಯಿಂದ. 'ಹೌದ್ರಿ'ಗೆ ಇಲ್ಲಿ ಕೆಲಸವೇ ಇರಲಿಲ್ಲ.

ಮೊದಲ ಸುತ್ತಿನಲ್ಲಿ ನೇಕಾರರದು ಎಂಟಕ್ಕೆ ಎರಡು ಸರಿ. ನಾನು ಬರೆದದ್ದೇ ನಿಜವಾಗಲಿ ಎಂದು ಒಳಗೊಳಗೆ ಒಂದು ಕ್ಷಣ ಬೇಡಿಕೊಂಡದ್ದೂ ಉಂಟು. ಅದನ್ನು ಇಲ್ಲಿ ಮುಚ್ಚಿಡಲಾರೆ. ಎರಡನೆಯ ಸುತ್ತು, ನಾಲ್ಕು. ಮೂರನೆಯದು, ಏಳು. ನಾಲ್ಕನೆಯದರಲ್ಲಿ ಎಂಟೂ ಸರಿ. ನಾನು ಎಳೆ ಹಿಡಿಯುವಷ್ಟರಲ್ಲೇ ಕೈ ಬಟ್ಟಲಿನ ಮೇಲೆ ಇಳಿಯುತ್ತಿತ್ತು. ಅರ್ಧ ಗಂಟೆ ಮಗ್ಗದ ಬಳಿ ಕೂರಿಸಿ ತಿರುಗಿ ಕೇಳಿದೆ. ಎಂಟು.

ಹೋಲಿಕೆಗಾಗಿ ಮಗನನ್ನೂ ಪರೀಕ್ಷಿಸಿದೆ. ಅವನದು ನಾಲ್ಕನೆಯ ಸುತ್ತಿಗೂ ಆರು.

"ನೂಲ ಎಣಿಸಿಕೋತ ಆಯುಷ್ಯಾ ಕಳದಾಂವ್ರಿ," ಎಂದು ಮಗ ನಾಚಿಕೊಂಡ. "ಅಂವನ ಕಣ್ಣಿಗಿ ನಾ ಸರಿಗಟ್ಟತೀನೇನ್ರಿ?"

"ಮತ್ತ ಮರೀತಾರ ಅಂತಿದ್ರಿ," ಎಂದಳು ಸೊಸೆ ಒಳಗಿಂದ.

ಒಂದೇ ದಿನದ ಫಲಿತಾಂಶವನ್ನು ನಂಬಬಾರದು. ಮುಂದಿನ ವಾರ ಮತ್ತೆ ಹೋಗಿ, ಏನನ್ನೂ ತೋರಿಸದೆ, ಬಟ್ಟಲುಗಳನ್ನು ಅದೇ ಜಾಗಗಳಲ್ಲಿ ಇಟ್ಟೆ. ಏಳು ದಿನದ ಮೇಲೂ ಆರು ಸರಿ. ತಪ್ಪಿದ ಎರಡು ಪಕ್ಕಪಕ್ಕದವು. ತಿಳಿ ಹಳದಿ, ಕೆನೆಬಣ್ಣ. ಹೊಸದನ್ನು ಕಲಿಯುತ್ತಿದ್ದರು. ಕಲಿತದ್ದನ್ನು ಇಟ್ಟುಕೊಳ್ಳುತ್ತಿದ್ದರು. ದೇರ್ ವಾಸ್ ನಥಿಂಗ್ ರಾಂಗ್ ವಿತ್ ಹಿಸ್ ಮೆಮೊರಿ.

ಹಾಗಾದರೆ ದಿನಾ ಸಂಜೆ ಕೇಳುವುದೇನು? ಅಂದು ಸಂಜೆಯವರೆಗೆ ಅಲ್ಲೇ ಉಳಿದೆ. ದೀಪ ಹಚ್ಚುವ ಹೊತ್ತಿಗೆ ಅವರು ಗೋಡೆ ಹಿಡಿದು ಎದ್ದರು. ನಡುಮನೆಯ ಗೂಡಿನತ್ತ ಬೆರಳು ತೋರಿಸಿದರು. ಆಮೇಲೆ ಖಾಲಿ ಅಂಗೈ ಮುಂದೆ ಚಾಚಿದರು. ಮಗ ಎಂದಿನಂತೆ, "ಅವ್ವ ಬೀಳಗಿಗಿ ಹೋಗ್ಯಾಳಪಾ, ಬರತಾಳ," ಎಂದ. "ಹೌದ್ರಿ," ಎಂದರು. ಬೆರಳು ಮಾತ್ರ ಗೂಡು ಬಿಡಲಿಲ್ಲ.

ನಾನು ಹೋಗಿ ನೋಡಿದೆ. ಗೂಡಿನಲ್ಲಿ ಕುಂಕುಮದ ಭರಣಿ, ಒಂದು ಹಣಿಗೆ, ಕೆಂಪು ಎಳೆಯಿಂದ ಕಟ್ಟಿದ ಆ ಕನ್ನಡಕ; ಅವರ ಮಾತಿನಲ್ಲಿ ಚಾಳೀಸು.

"ಚಾಳೀಸಿಲ್ಲದ ಅತ್ತಿಯಾರು ಬಾಗಲಾ ದಾಟತಿದ್ದಿಲ್ಲ್ರಿ," ಎಂದಳು ಸೊಸೆ ನನ್ನ ಬೆನ್ನ ಹಿಂದೆ, ಮೆಲ್ಲಗೆ. "ಚಾಳೀಸ ಇಲ್ಲೇ ಬಿಟ್ಟು ತವರಿಗಿ ಹೆಂಗ ಹ್ವಾದ್ಲು ಅಂತ ಕೇಳಾಕತ್ತಾರ. ನನಗ ಆವಾಗ ತಿಳದಿತ್ತು. ಕಾಗದದಾಗ ಬರದದ್ದ ದೊಡ್ಡದಾತು. ನನ್ನ ಮಾತ ಯಾರ ಕೇಳತಾರ?"

ಎರಡು ತಿಂಗಳಿಗೂ ಮಿಕ್ಕಿ ಆ ಮನುಷ್ಯ ಒಂದೇ ಪ್ರಶ್ನೆ ಕೇಳಿದ್ದರು, ಮನೆಯವರು ಬೇರೊಂದಕ್ಕೆ ಉತ್ತರ ಕೊಟ್ಟಿದ್ದರು. ಅವರು ಮರೆಯುತ್ತಿರಲಿಲ್ಲ; ನಂಬುತ್ತಿರಲಿಲ್ಲ. ಅಲ್ಲ ಎನ್ನಲು ಬಾಯಲ್ಲಿ ಮಾತಿರಲಿಲ್ಲ.

ಮುಧೋಳದ ಮಗಳನ್ನು ಕರೆಸಿದರು. ನೇಕಾರರನ್ನು ಫಿಸಿಯೋಥೆರಪಿಸ್ಟ್ ಜೊತೆ ಓಣಿಯಲ್ಲಿ ಅಡ್ಡಾಡಲು ಕಳಿಸಿ, ನಾವು ನಾಲ್ವರು ನಡುಮನೆಯಲ್ಲಿ ಸೇರಿದೆವು. ಅವರಿಗೆ ಹೇಳಬೇಕು ಎಂದೆ. ಮಗ ತಲೆ ಎತ್ತಲಿಲ್ಲ.

"ಮೊದಲ ನೆನಪಿಲ್ಲಂದ್ರಿ. ಈಗ ಐತಿ ಅಂತೀರಿ. ಹೇಳಿದ ಮ್ಯಾಲ ಇನ್ನೊಂದ ಲಕ್ವಾ ಹೊಡದ್ರ ಏನ ಬರೀತೀರಿ?"

ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು. ಡಾಕ್ಟರನ್ನು ಕೇಳಿದ್ದೇನೆ ಎಂದಷ್ಟೇ ಹೇಳಿದೆ; ಬಿಪಿ ಹಿಡಿತದಲ್ಲಿದೆ, ಅಪಾಯ ಇಲ್ಲವೇ ಇಲ್ಲ ಎನ್ನಲಾರೆ, ಆದರೆ ಹೀಗೆ ಗೋಡೆ ನೋಡುತ್ತ ಕೂರುವುದೂ ಅವರಿಗೆ ಒಳ್ಳೆಯದಲ್ಲ ಎಂದಿದ್ದರು.

"ಹೇಳೂದಾದ್ರೂ ಹೆಂಗ್ರಿ?" ಎಂದು ಮಗಳು ಅತ್ತಳು. "ಅವ್ವ ಹ್ವಾದ್ಲು ಅಂದ್ರ ತವರಿಗಿ ಹ್ವಾದ್ಲು ಅಂತನ ತಿಳಕೋತಾನ. ಹೌದ್ರಿ ಅಂದ ಬಿಡತಾನ."

ಅದೇ ನನಗೂ ಹೊಳೆಯದಿದ್ದದ್ದು. ಉದ್ದ ವಾಕ್ಯ ಅವರಿಗೆ ಬಿಡಿಸಲು ಬರುತ್ತಿರಲಿಲ್ಲ. ತಿಳಿಯಿತೇ ಎಂದು ಕೇಳಿದರೆ ಅವರು ಅನ್ನುವ ಹೌದನ್ನು ನೆಚ್ಚುವಂತಿರಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿದ ಕಸುಬಿನಲ್ಲಿ ಸಾವನ್ನು ಮಾತಿಲ್ಲದೆ ಹೇಳುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಚಿತ್ರ ಬರೆಯಬೇಕೆ, ಫೋಟೋಗೆ ಹಾರ ಹಾಕಿ ತೋರಿಸಬೇಕೆ ಎಂದು ನಾನು ಇನ್ನೂ ಲೆಕ್ಕ ಹಾಕುತ್ತಿದ್ದೆ. ಸೊಸೆ ಗೋಡೆಗೆ ಒರಗಿ ನಿಂತಿದ್ದಳು.

"ಮಾವಾರು ಮಣ್ಣ ಕೊಟ್ಟಿಲ್ಲ," ಎಂದಳು.

ಅವರಲ್ಲಿ ಹೂಳುವ ಪದ್ಧತಿ. ಗುಂಡಿ ಮುಚ್ಚುವ ಮೊದಲು ಹತ್ತಿರದವರೆಲ್ಲ ಬಲಗೈಯಿಂದ ಒಂದು ಹಿಡಿ ಮಣ್ಣು ಹಾಕುತ್ತಾರೆ. ಅದಕ್ಕೆ ಮಣ್ಣು ಕೊಡುವುದು ಎನ್ನುತ್ತಾರೆ. ಓಣಿಯವರೆಲ್ಲ ಕೊಟ್ಟಿದ್ದರು, ಮಗ್ಗದ ಕೂಲಿಯವರೂ ಕೊಟ್ಟಿದ್ದರು.

"ಹೇಳೂದು ಬ್ಯಾಡ್ರಿ," ಎಂದಳು. "ಕರಕೊಂಡ ಹೋಗೂನು."

ಮಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕೈ ತೆಗೆದು, "ನಾಳೆ ಮುಂಜಾನೆ," ಎಂದ.

ಮರುದಿನ ಏಳಕ್ಕೇ ಹೊರಟೆವು. ಬಿಪಿ ನೋಡಿದೆ, ಮಾತ್ರೆ ಕೊಟ್ಟು, ಒಂದಿಷ್ಟು ತಿನ್ನಿಸಿದ್ದರು. ಊರ ಹೊರಗಿನ ಆ ಹೊಲದಂಥ ಜಾಗದಲ್ಲಿ ಮಣ್ಣಿನ ಒಂದು ದಿಬ್ಬ, ಸುತ್ತ ಕಲ್ಲು. ಮಳೆ ಬಾರದ್ದರಿಂದ ಇನ್ನೂ ಹೊಸದಾಗಿಯೇ ಇತ್ತು. ನಾನು ಹೆಂಡತಿಯ ಫೋಟೋ ತೋರಿಸಿದೆ. ಆಮೇಲೆ ದಿಬ್ಬದ ಮೇಲೆ ಅಂಗೈ ಇಟ್ಟೆ. "ಇಲ್ಲಿ," ಎಂದೆ. ಅಷ್ಟೇ ಮಾತು ಸಿದ್ಧ ಮಾಡಿಕೊಂಡು ಬಂದಿದ್ದೆ.

ಅವರು ಫೋಟೋ ನೋಡಲೇ ಇಲ್ಲ. ಆಟೋ ಆ ದಾರಿ ಹಿಡಿದಾಗಲೇ ತಿಳಿದಿತ್ತೆಂದು ಕಾಣುತ್ತದೆ. ಇಳಿಯುವಾಗ ಮಗನ ಕೈಯನ್ನು ಸರಿಸಿದ್ದರು. ಕೋಲು ಬಿಟ್ಟು ಕೆಳಗೆ ಕುಳಿತರು. ಎಡಗೈಯಿಂದ ಒಂದು ಹಿಡಿ ಮಣ್ಣು ಎತ್ತಿದರು. ಎತ್ತಿ, ತಡೆದರು. ಎಡಗೈಯಿಂದ ಕೊಡುವಂತಿಲ್ಲ. ಮಣ್ಣನ್ನು ತೊಡೆಯ ಮೇಲೆ, ಧೋತರದ ಮಡಿಕೆಯಲ್ಲಿ ಇಟ್ಟುಕೊಂಡರು. ಆಮೇಲೆ ಸತ್ತಂತೆ ಬಿದ್ದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಿಗೆ ತಂದುಕೊಂಡು, ಮುದುಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಮಗ ನೆರವಿಗೆ ಬಾಗಿದ. ಸೊಸೆ ಅವನ ಅಂಗಿ ಹಿಡಿದು ಹಿಂದೆ ಎಳೆದಳು. ಬಿಡಿಸಿದ ಅಂಗೈಗೆ ಮಣ್ಣು ತುಂಬಿ, ಮಣಿಕಟ್ಟು ಹಿಡಿದು ಎತ್ತಿ, ದಿಬ್ಬದ ಮೇಲೆ ಓರೆ ಮಾಡಿದರು. ಹೀಗೆ ಮೂರು ಸಲ. ಮೂರನೆಯ ಸಲಕ್ಕೆ ತೋಳು ನಡುಗಿ ಅರ್ಧ ಮಣ್ಣು ಅವರ ಮೇಲೆಯೇ ಚೆಲ್ಲಿತು. ಆಗ ದನಿ ಬಂತು. ಅದರಲ್ಲಿ ಮಾತಿರಲಿಲ್ಲ. ನಾನು ಅದನ್ನು ಯಾವ ಫಾರ್ಮಿನಲ್ಲೂ ಬರೆದಿಲ್ಲ, ಇಲ್ಲಿಯೂ ಬರೆಯಲಾರೆ.

ಆ ವಾರ ಎರಡನೆಯ ರಿಪೋರ್ಟ್ ಬರೆದೆ. ಮೊದಲನೆಯ ಸಾಲು ತಪ್ಪು, ಅದನ್ನು ಬರೆದವಳು ನಾನೇ ಎಂದು ಕನ್ನಡದಲ್ಲಿಯೂ ಬರೆದೆ. ಹಳೆಯದನ್ನು ಫೈಲಿನಿಂದ ತೆಗೆಯಲು ನಿಯಮವಿಲ್ಲ. ಎರಡೂ ಅಲ್ಲೇ ಇವೆ. ನೇಕಾರರನ್ನು ಮಗಳು ಮುಧೋಳಕ್ಕೆ ಕರೆದುಕೊಂಡು ಹೋದಳು. ಅಲ್ಲಿಗೆ ಬಂದು ಮಾತಿನ ಅಭ್ಯಾಸ ಮಾಡಿಸುತ್ತೇನೆಂದು ಫೋನ್ ಮಾಡಿದೆ. ಅವಳು ತಂದೆಯನ್ನು ಕೇಳಿ, "ಬ್ಯಾಡ ಅಂತ ಕೈ ಮಾಡಾಕತ್ತಾನ್ರಿ ಬಾಯಾರ," ಎಂದಳು. ನಾನು ಮತ್ತೆ ಕೇಳಲಿಲ್ಲ.

ಹೀಗಾಗಿ ಅವರನ್ನು ಕೊನೆಯ ಸಲ ನೋಡಿದ್ದು ಆ ಬೆಳಿಗ್ಗೆಯೇ. ಆಟೋದ ಹತ್ತಿರ ಸೊಸೆ ತಂಬಿಗೆಯಿಂದ ನೀರು ಹಾಕುತ್ತಿದ್ದಳು. ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದು ಬೆರಳು ಬೆರಳಿನ ಸಂದಿಯ ಮಣ್ಣು ತೊಳೆಯುತ್ತಿದ್ದರು. ಎಲ್ಲರೂ ಕಾದರು. ತೊಳೆದಾದ ಮೇಲೆ ಮಗ, ಮಗಳು ಎರಡು ಕಡೆ ಹಿಡಿದು ಹತ್ತಿಸಿದರು. ಬರುವಾಗ ಆಟೋದಲ್ಲಿ ಇಕ್ಕಟ್ಟಾಗಿತ್ತು, ನಾನು ಇಲ್ಲಿಂದಲೇ ಬಸ್ಸಿಗೆ ಹೋಗುತ್ತೇನೆ ಎಂದೆ. ಆಟೋ ನನ್ನ ಪಕ್ಕದಿಂದಲೇ ಹಾದು ಹೋಯಿತು. ಅವರು ದಿಬ್ಬದ ಕಡೆ ಮುಖ ಮಾಡಿ ಕುಳಿತಿದ್ದರು. ತಿರುವು ಬಂದಾಗ ಕತ್ತನ್ನೂ ಅದೇ ಕಡೆಗೆ ತಿರುಗಿಸಿದರು.